ಅಕ್ಕನ ಪಾಲು, ತಮ್ಮನ ಪಾಲು

‘ಕಟಕ್’ ಎಂದು ಒಂದು ಸಣ್ಣ ಸದ್ದು. ಬಾದಾಮಿಯ ಅಗಸ್ತ್ಯತೀರ್ಥದ ಮೆಟ್ಟಿಲ ಮೇಲೆ, ಅರಿವೆ ಒಗೆಯುವ ಹೆಣ್ಣುಮಕ್ಕಳ ಬಡಿತ, ಮಾತು, ನಗುವಿನ ನಡುವೆ ಅದು ನನ್ನ ಕಿವಿಗೆ ಹೇಗೆ ಬಿತ್ತೋ! ತಿರುಗಿ ನೋಡಿದೆ. ಆರೇಳು ವರ್ಷದ ಹುಡುಗಿಯೊಬ್ಬಳು ತನ್ನ ಲಂಗದ ಅಂಚನ್ನು ಹಲ್ಲಿನಿಂದ ಬಿಡಿಸಿಕೊಳ್ಳುತ್ತಿದ್ದಳು. ಅಂಚಿನ ಮಡಿಕೆಯಲ್ಲಿ ಒಂದು ಪೆಪ್ಪರಮೆಂಟು, ಈಗ ಎರಡು ಚೂರು. ಎದುರಿಗೆ ಮೂರು ವರ್ಷದ ತಮ್ಮ, ಅಂಗೈ ಅಗಲಿಸಿ, ಉಸಿರು ಬಿಗಿಹಿಡಿದು ನಿಂತಿದ್ದ. ಗುಬ್ಬಿ ಎಂಜಲು! ಎಷ್ಟು ವರ್ಷವಾಗಿತ್ತು ಅದನ್ನು ನೋಡಿ! ನಡುವೆ ಬಟ್ಟೆ ಇದ್ದರೆ ಎಂಜಲಲ್ಲ ಎಂಬ ಆ ಕಾಯ್ದೆಯನ್ನು ಯಾವ ಹಿರಿಯರೂ ಬರೆದಿಲ್ಲ. ಮಕ್ಕಳೇ ಮಕ್ಕಳಿಗೆ ದಾಟಿಸುತ್ತ ಬಂದದ್ದು.

ಚೂರು ಎರಡೂ ಸಮ ಇರಲಿಲ್ಲ. “ಯಕ್ಕಾ, ನಂಗ ದೊಡ್ಡದು” ಎಂದ ತಮ್ಮ. ಆಕೆ ದೊಡ್ಡದನ್ನು ಕೊಡಲಿಲ್ಲ, ತಾನೂ ಬಾಯಿಗೆ ಹಾಕಿಕೊಳ್ಳಲಿಲ್ಲ. ಅಂಗೈ ಮೇಲಿನ ಎರಡನ್ನೂ ನೋಡಿದಳು, ಅವನ ಮುಖ ನೋಡಿದಳು. ದೊಡ್ಡ ಚೂರನ್ನು ಮತ್ತೆ ಲಂಗದೊಳಗೆ ಮಡಚಿ ಇನ್ನೊಮ್ಮೆ ಕಟಕ್! ಉದುರಿದ ತುಣುಕನ್ನು ಸಣ್ಣ ಚೂರಿನ ಜೊತೆ ಸೇರಿಸಿ ಅವನ ಕೈಯೊಳಗೆ ಹಾಕಿದಳು. “ಈಗ ಸಮ ಆತ್ ನೋಡು.”

ನಾನು ಅಲ್ಲೇ ಮೆಟ್ಟಿಲ ಮೇಲೆ ಕೂತುಬಿಟ್ಟೆ. ಯಾಕೆಂದರೆ ಅರ್ಧ ಗಂಟೆಯ ಹಿಂದಷ್ಟೇ ನಾನು ಎದುರಿನ ಗುಡ್ಡದ ಮೂರನೇ ಗುಹೆಯಿಂದ ಇಳಿದು ಬಂದಿದ್ದೆ. ಆ ಗುಹೆಯ ಪಡಸಾಲೆಯ ಗೋಡೆಗಂಬದ ಮೇಲೆ ಒಂದು ಸಂಸ್ಕೃತ ಶಾಸನವಿದೆ. ಚಾಲುಕ್ಯ ದೊರೆ ಕೀರ್ತಿವರ್ಮನ ಆಳ್ವಿಕೆಯ ಹನ್ನೆರಡನೆಯ ವರ್ಷ, ಶಕ 500, ಅಂದರೆ ಕ್ರಿ.ಶ. 578, ಕಾರ್ತಿಕ ಹುಣ್ಣಿಮೆ. ದೊರೆಯ ತಮ್ಮ ಮಂಗಲೇಶ ಬಂಡೆ ಕೊರೆಸಿ ವಿಷ್ಣುವಿಗೆ ಈ ಮನೆ ಮಾಡಿಸಿದ, ಲಂಜಿಗೇಸರ ಎಂಬ ಊರನ್ನು ದತ್ತಿ ಬಿಟ್ಟ. ಇಂಥ ಶಾಸನ ನಾಡಿನಲ್ಲಿ ನೂರಾರಿವೆ, ನಿಜ. ಆದರೆ ಮುಂದಿನದನ್ನು ಕೇಳಿ! ಈ ಕೆಲಸದಿಂದ ಬಂದ ಪುಣ್ಯವನ್ನೆಲ್ಲ ಸೂರ್ಯ, ಅಗ್ನಿ ಮತ್ತು ಜನರ ಎದುರಿಗೆ ಕೈನೀರು ಬಿಟ್ಟು ಅಣ್ಣನಿಗೆ ಧಾರೆ ಎರೆದಿದ್ದೇನೆ ಎನ್ನುತ್ತಾನೆ ಮಂಗಲೇಶ. ಅಣ್ಣನ ಸೇವೆ ಮಾಡಿದ್ದಕ್ಕೆ ಏನಾದರೂ ಫಲವಿದ್ದರೆ ಅದಷ್ಟು ನನಗಿರಲಿ ಎಂದು ಕೇಳಿಕೊಳ್ಳುತ್ತಾನೆ.

ಪಾಲು! ಇಡೀ ಗುಡ್ಡ ಕೊರೆಸಿದ ರಾಜಕುಮಾರ ಕಲ್ಲಿನ ಮೇಲೆ ಅಣ್ಣನ ಪಾಲು ಯಾವುದು, ತಮ್ಮನ ಪಾಲು ಯಾವುದು ಎಂದು ಬರೆಸಿದ್ದಾನೆ. ಅದೇ ಗುಡ್ಡದ ಬುಡದಲ್ಲಿ, ಹದಿನಾಲ್ಕು ಶತಮಾನದ ನಂತರ, ಲಂಗದ ಅಂಚಿನಲ್ಲಿ ಪೆಪ್ಪರಮೆಂಟು ಮುರಿಯುವ ಹುಡುಗಿ ಅಕ್ಕನ ಪಾಲು, ತಮ್ಮನ ಪಾಲು ಮಾಡುತ್ತಿದ್ದಾಳೆ. ನನ್ನ ಮೈಮೇಲಿನ ಕೂದಲೆಲ್ಲ ನಿಮಿರಿ ನಿಂತವು.

ಆವತ್ತಿನಿಂದ ನನಗೆ ಒಂದೇ ಹುಚ್ಚು. ಎರಡು ವರ್ಷದ ಕೂಸು “ನಂದು, ನಂದು” ಎಂದು ಬೊಂಬೆಯನ್ನು ಎದೆಗೆ ಅವಚಿಕೊಂಡು ಚೀರುತ್ತದಲ್ಲ, ಅದೇ ಕೂಸು “ಸಮ ಆತ್ ನೋಡು” ಎನ್ನುವಲ್ಲಿಗೆ ಬಂದು ಮುಟ್ಟುವುದು ಹೇಗೆ? ಯಾರು ಕಲಿಸುತ್ತಾರೆ?

ಬಾಗಲಕೋಟೆಯ ನವನಗರದಲ್ಲಿ ನನ್ನ ತಂಗಿಯ ಮನೆ. ಆಲಮಟ್ಟಿ ಹಿನ್ನೀರು ಹಳೆ ಊರಿನ ಓಣಿಗಳನ್ನು ನುಂಗುತ್ತ ಬಂದಾಗ ಎದ್ದ ಊರು ಅದು. ತಂಗಿಗೆ ಎರಡನೆಯ ಹೆರಿಗೆಯಾಗಿ ತಿಂಗಳಾಗಿತ್ತು. ನಾಲ್ಕು ವರ್ಷದ ಮೊದಲ ಮಗಳು ತೊಟ್ಟಿಲ ಹತ್ತಿರ ಹೋಗುವಳು, ಕೂಸಿನ ತಲೆಯ ಮೇಲಿನ ಕುಲಾವಿ ಎಳೆಯುವಳು. “ಇದು ನಂದು!” ಅವಳದ್ದೇ ಹೌದು. ಅವಳು ಕೂಸಿದ್ದಾಗ ನಮ್ಮ ಅವ್ವ ಖಣದ ಬಟ್ಟೆಯಲ್ಲಿ ಹೊಲಿದು ಕೊಟ್ಟದ್ದು. ನಾನಾಗಿದ್ದರೆ ಗದರುತ್ತಿದ್ದೆ, ತಂಗಿ ಗದರಲಿಲ್ಲ. “ಹೌದವಾ, ನಿಂದ ಅದು. ತಮ್ಮನ ತಲಿ ಮುಟ್ಟಿ ನೋಡು, ತಣ್ಣಗಾಗೇತಿ. ಅವಗ ಥಂಡಿ ಆಗಾಕತ್ತೇತಿ ಅಂತೀಯೇನು?” ಎಂದಳು. ಹುಡುಗಿ ಮುಟ್ಟಿದಳು. ಸ್ವಲ್ಪ ಹೊತ್ತು ಯೋಚಿಸಿದಳು. “ಹ್ಞೂಂ, ಥಂಡಿ ಆಗೇತಿ” ಎಂದು ತಾನೇ ಕುಲಾವಿಯನ್ನು ವಾಪಸ್ ಹಾಕಿದಳು, ಸೊಟ್ಟಗೆ.

ನನ್ನ ತಂಗಿ ಮನಃಶಾಸ್ತ್ರದ ಪುಸ್ತಕ ಮುಟ್ಟಿದವಳಲ್ಲ. ಆದರೆ ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ ಜೂಡಿ ಡನ್ ಮತ್ತು ಕ್ಯಾರಲ್ ಕೆಂಡ್ರಿಕ್ ಎಂಬ ಇಬ್ಬರು ಹೆಂಗಸರು 40 ಮನೆಗಳ ಚೊಚ್ಚಲ ಮಕ್ಕಳನ್ನು ಎರಡನೆಯ ಕೂಸು ಹುಟ್ಟುವ ಮೊದಲಿನಿಂದ ಹಿಡಿದು ಮುಂದಕ್ಕೂ ಮನೆಯಲ್ಲೇ ಕೂತು ಗಮನಿಸಿದರು, 1982ರಲ್ಲಿ ಪುಸ್ತಕ ಮಾಡಿದರು. ಅವರು ಕಂಡದ್ದೇನು ಗೊತ್ತೇ? ಯಾವ ತಾಯಂದಿರು ಹೊಸ ಕೂಸನ್ನು ಒಂದು ಜೀವವೆಂದು, ಅದಕ್ಕೆ ಹಸಿವಾಗುತ್ತದೆ, ಅದಕ್ಕೆ ಏನೋ ಬೇಕಾಗಿದೆ ಎಂದು ದೊಡ್ಡ ಮಗುವಿನ ಜೊತೆ ಮಾತಾಡಿದರೋ ಆ ಮನೆಗಳಲ್ಲಿ ಒಡಹುಟ್ಟಿದವರ ನಡುವೆ ಮುಂದೆ ಹೆಚ್ಚು ಅಕ್ಕರೆ ಕಂಡುಬಂತು. ಕೇಂಬ್ರಿಜ್‌ನಲ್ಲಿ ವರ್ಷಗಟ್ಟಲೆ ಕೂತು ಕಂಡದ್ದು ನವನಗರದ ಬಾಣಂತಿ ಕೋಣೆಯಲ್ಲಿ ಕುಲಾವಿಯ ಜೊತೆ ನನ್ನ ಕಣ್ಣೆದುರಿಗೇ ನಡೆದುಹೋಯಿತು!

ಇನ್ನೊಂದು ಸಂಗತಿ ನನ್ನನ್ನು ನಿದ್ದೆಗೆಡಿಸಿತು. 2008ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಅರ್ನ್ಸ್ಟ್ ಫೆಹ್ರ್ ಮತ್ತು ಜೊತೆಗಾರರು ಸ್ವಿಟ್ಜರ್ಲೆಂಡಿನ 3ರಿಂದ 8 ವರ್ಷದ ಮಕ್ಕಳಿಗೆ ಮಿಠಾಯಿ ಹಂಚಲು ಕೊಟ್ಟು ನೋಡಿದ್ದನ್ನು ಬರೆದರು. ಮೂರು, ನಾಲ್ಕು ವರ್ಷದವರಲ್ಲಿ ಬಹುಪಾಲು ಮಕ್ಕಳು ತಮಗೇ ಇಟ್ಟುಕೊಂಡರು. ಏಳೆಂಟು ವರ್ಷದ ಹೊತ್ತಿಗೆ ಹೆಚ್ಚಿನವರು ಸಮ ಹಂಚಿಕೆಯ ಕಡೆ ವಾಲಿದರು. ಇದಕ್ಕಿಂತ ದೊಡ್ಡ ಬೆರಗು 2013ರ ಒಂದು ಅಧ್ಯಯನದಲ್ಲಿದೆ. ಅದರಲ್ಲಿ ಮೂರು ವರ್ಷದ ಮಕ್ಕಳು ಕೂಡ ‘ಸಮ ಹಂಚಬೇಕು’ ಎಂದೇ ಹೇಳಿದರು! ಬಾಯಿ ಹೇಳಿತು, ಕೈ ಬಿಡಲಿಲ್ಲ, ಅಷ್ಟೇ. ಅಂದರೆ ನಾವು ದಿನಕ್ಕೆ ಇಪ್ಪತ್ತು ಸಲ “ತಮ್ಮಗ ಕೊಡು, ತಮ್ಮಗ ಕೊಡು” ಎಂದು ಬುದ್ಧಿ ಹೇಳುತ್ತೇವಲ್ಲ, ಆ ಬುದ್ಧಿ ಮಗುವಿಗೆ ಮೊದಲೇ ಗೊತ್ತಿದೆ! ಬೇಕಾದದ್ದು ಬುದ್ಧಿಯಲ್ಲ, ಬೇರೆ ಏನೋ. ಆ ‘ಬೇರೆ ಏನೋ’ ನನಗೆ ಸಿಕ್ಕದ್ದು ಪಂಚಮಿಯಲ್ಲಿ.

ನಾಗರ ಪಂಚಮಿ ನಮ್ಮ ಕಡೆ ಎಂಥ ಹಬ್ಬವೆಂದು ನಿಮಗೆ ಗೊತ್ತಿರಬಹುದು. ದಕ್ಷಿಣದವರಿಗೆ ಅದು ಮುಖ್ಯವಾಗಿ ನಾಗಪೂಜೆ. ಇಲ್ಲಿ ಅದು ಅಣ್ಣ ತಂಗಿಯರ ಹಬ್ಬ, ಕೊಟ್ಟ ಮನೆಯಿಂದ ತಂಗಿಯನ್ನು ಕರೆತರಲು ಅಣ್ಣ ಹೋಗುವ ಹಬ್ಬ, ಉಂಡಿಯ ಹಬ್ಬ, ಜೋಕಾಲಿಯ ಹಬ್ಬ. ಮೂರು ದಿನ ಮೊದಲೇ ಅಡಿಗೆಮನೆ ತುಂಬ ಪರಾತಗಳು. ಶೇಂಗಾ ಉಂಡಿ, ಎಳ್ಳುಂಡಿ, ರವಾ ಉಂಡಿ, ಬೂಂದಿ ಉಂಡಿ, ಅಳ್ಳಿಟ್ಟು. ಬೆಲ್ಲದ ಪಾಕ ಆರುವ ಮೊದಲೇ ಕಟ್ಟಬೇಕು, ದೊಡ್ಡವರ ಕೈ ಸಾಲುವುದಿಲ್ಲ, ಮಕ್ಕಳೂ ಸಾಲಾಗಿ ಕೂರುತ್ತಾರೆ. ಕೈಗೆ ತುಪ್ಪ ಸವರಿಕೊಂಡು “ಯಣ್ಣಾ, ನಂದು ಮುರೀತು”, “ಇಲ್ಲಿ ಕೊಡು, ನಾ ಕಟ್ಟತೇನಿ” ಎನ್ನುತ್ತ ಉಂಡಿ ಕಟ್ಟುತ್ತಾರೆ.

ಹಬ್ಬದ ದಿನ ಹಾಲೆರೆಯುವುದು. ಹುತ್ತಕ್ಕೋ ನಾಗರಕಲ್ಲಿಗೋ ಮನೆಯ ಮಕ್ಕಳೆಲ್ಲ ಸುತ್ತ ಕೂತು, ಬಟ್ಟಲಿನಿಂದ ಹಾಲು ಹಾಕುತ್ತ ಒಬ್ಬೊಬ್ಬರ ಹೆಸರಿನಲ್ಲಿ ಪಾಲು ಹೇಳುತ್ತಾರೆ. ದೇವರ ಪಾಲು, ಗುರುವಿನ ಪಾಲು, ಅಜ್ಜನ ಪಾಲು, ಅಪ್ಪನ ಪಾಲು, ಅವ್ವನ ಪಾಲು. ಅಷ್ಟಕ್ಕೆ ನಿಲ್ಲುವುದಿಲ್ಲ. ಅಕ್ಕನ ಪಾಲು, ಅಣ್ಣನ ಪಾಲು, ತಮ್ಮನ ಪಾಲು, ಊರಲ್ಲಿಲ್ಲದ ಕಾಕಾನ ಪಾಲು, ಹಟ್ಟಿಯ ಎತ್ತಿನ ಪಾಲು! ಒಬ್ಬರ ಹೆಸರು ಬಿಟ್ಟುಹೋದರೆ ಹಿಂದಿನಿಂದ ಅಜ್ಜಿ ನೆನಪಿಸುತ್ತಾಳೆ. ಬೆಳಿಗ್ಗೆ ಅಷ್ಟೇ ಉಂಡಿಗಾಗಿ ಅಕ್ಕನ ಜಡೆ ಹಿಡಿದೆಳೆದ ಹುಡುಗ ಈಗ ಅದೇ ಅಕ್ಕನ ಹೆಸರು ಹೇಳಿ ಹಾಲು ಬಿಡುತ್ತಾನೆ, ಬಲು ಗಂಭೀರವಾಗಿ, ಕಣ್ಣು ಮಿಟುಕಿಸದೆ.

ಇಲ್ಲೊಂದು ಮಾತು ಹೇಳಲೇಬೇಕು, ಹೇಳದಿದ್ದರೆ ನನಗೆ ಸಮಾಧಾನವಿಲ್ಲ. ಹಳಗನ್ನಡದಲ್ಲಿ ಹಾಲಿಗೆ ‘ಪಾಲ್’ ಎಂದೇ ಹೆಸರು. ಪಕಾರ ಹಕಾರವಾಗಿ ಪೂ ಹೂವಾದಂತೆ, ಪಾಲ್ ಹಾಲಾಯಿತು. ಮೂರನೇ ಗುಹೆಯ ಹೊರಗಿನ ಬಂಡೆಯ ಮೇಲೆ ಮಂಗಲೇಶನದೇ ಒಂದು ಪುಟ್ಟ ಕನ್ನಡ ಶಾಸನವೂ ಇದೆ, ಗುಹೆಯನ್ನು ‘ಕಲ್ಮನೆ’ ಎಂದು ಕರೆಯುವ ಮುದ್ದಾದ ಶಾಸನ. ಆ ಕಾಲದ ಬಾದಾಮಿಯ ಮಗುವಿನ ಬಾಯಲ್ಲಿ ಹಂಚುವ ಪಾಲಿನ ಹಾಗೆ ಕುಡಿಯುವ ಹಾಲೂ ‘ಪಾಲ್’!

ಈಗ ಲೈಪ್‌ಜಿಗ್‌ಗೆ ಬನ್ನಿ. ಜರ್ಮನಿಯ ಆ ಊರಿನ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯಲ್ಲಿ ಕತರೀನಾ ಹಮಾನ್ ಮತ್ತು ಜೊತೆಗಾರರು ಎರಡು, ಮೂರು ವರ್ಷದ ಮಕ್ಕಳನ್ನು ಜೋಡಿ ಜೋಡಿಯಾಗಿ ಒಂದು ಹಲಗೆಯ ಮುಂದೆ ನಿಲ್ಲಿಸಿದರು. ಹಲಗೆಗೆ ಹಗ್ಗ. ಇಬ್ಬರೂ ಒಟ್ಟಿಗೆ ಎಳೆದರೆ ಮಾತ್ರ ಹಲಗೆ ಹತ್ತಿರ ಬರುತ್ತದೆ, ಮೇಲಿರುವ ಆಟದ ವಸ್ತುಗಳು ಸಿಗುತ್ತವೆ. ಆದರೆ ಬರುವಾಗ ಒಂದು ಮಗುವಿನ ಕಡೆ ಮೂರು, ಇನ್ನೊಂದರ ಕಡೆ ಒಂದೇ ಒಂದು! ಏನಾಗಬೇಕು? ಜಗಳವಾಗಬೇಕು ತಾನೇ? ಮೂರು ವರ್ಷದ ಮಕ್ಕಳು, ಹೌದು, ಮಿಠಾಯಿ ಬಿಡದ ಅದೇ ವಯಸ್ಸಿನ ಮಕ್ಕಳು, ತಮಗೆ ಬಂದ ಮೂರರಲ್ಲಿ ಒಂದನ್ನು ಜೊತೆಗಾರನ ಕಡೆ ದೂಡಿದರು. ಎರಡು, ಎರಡು. ಸಮ! ದುಡಿಯದೆ ಸುಮ್ಮನೆ ಸಿಕ್ಕಾಗ, ಅಥವಾ ಇಬ್ಬರೂ ಬೇರೆ ಬೇರೆ ಹಗ್ಗ ಎಳೆದಾಗ, ಹಾಗೆ ಕೊಟ್ಟದ್ದು ಕಡಿಮೆ. ಚಿಂಪಾಂಜಿಗಳಲ್ಲಿ ಮಾತ್ರ, ಕೂಡಿ ಎಳೆದರೂ ಅಷ್ಟೇ, ಬೇರೆ ಎಳೆದರೂ ಅಷ್ಟೇ. 2011ರಲ್ಲಿ ‘ನೇಚರ್’ನಲ್ಲಿ ಬಂತು ಇದು. ಬಾದಾಮಿಯ ಮೆಟ್ಟಿಲ ಮೇಲೆ ಮಕ್ಕಳ ಕೈಯ ಬಾಳೆಹಣ್ಣು ಕಸಿದು ಬಂಡೆ ಏರಿ ತಾನೊಂದೇ ತಿನ್ನುವ ಮಂಗ್ಯಾನನ್ನು ನೋಡಿದವರಿಗೆ ಈ ಕಡೆಯ ಮಾತು ಹೊಸದೇನಲ್ಲ.

ಒಂದೇ ಹಗ್ಗ! ಓದುತ್ತ ಓದುತ್ತ ನನ್ನ ಕಣ್ಮುಂದೆ ಬೇವಿನ ಮರದ ಜೋಕಾಲಿ ತೂಗತೊಡಗಿತು. ನಾಲ್ಕು ಮಕ್ಕಳಿಗೆ ಒಂದೇ ಜೋಕಾಲಿ. ಒಬ್ಬರು ಕೂತರೆ ಇನ್ನೊಬ್ಬರು ನೂಕಬೇಕು, ನೂಕುವವರಿಲ್ಲದೆ ಕೂತವರಿಗೆ ಸುಖವಿಲ್ಲ. “ಹತ್ತ ಜೀಕ ನಿನಗ, ಹತ್ತ ಜೀಕ ನನಗ.” ಅಕ್ಕ ಎಣಿಸುತ್ತಾಳೆ, ತಮ್ಮನಿಗೆ ಆರರ ಮುಂದೆ ಎಣಿಕೆ ಬಾರದು. “ಆರು, ಎಂಟು, ಹತ್ತು, ಇಳಿ ಈಗ!” ಎನ್ನುತ್ತಾನೆ. ದೊಡ್ಡ ಗಲಾಟೆ. ಕೊನೆಗೆ ಅವನಿಗೆ ಏಳು, ಒಂಬತ್ತು ಎರಡೂ ಬಂದುಬಿಡುತ್ತವೆ, ಬೇರೆ ದಾರಿ ಇಲ್ಲ. ಎಣಿಸಲು ಚೆನ್ನಾಗಿ ಬಂದ ಪುಟ್ಟ ಮಕ್ಕಳು ಸಮಪಾಲು ಮಾಡುವುದರಲ್ಲೂ ಮುಂದಿರುತ್ತಾರೆ ಎಂದು 2016ರಲ್ಲಿ ನಾದಿಯಾ ಚೆರ್ನ್ಯಾಕ್ ಮತ್ತು ಸಂಗಡಿಗರು ತೋರಿಸಿಕೊಟ್ಟರು. ಪಂಚಮಿಯ ಜೋಕಾಲಿ ಗಣಿತದ ಶಾಲೆಯೂ ಹೌದು, ಪಾಲಿನ ಶಾಲೆಯೂ ಹೌದು ಎಂದು ಯಾರು ಎಣಿಸಿದ್ದರು!

ಇಳಕಲ್ಲಿನ ಒಂದು ನೇಕಾರರ ಮನೆಯಲ್ಲಿ ಎಪ್ಪತ್ತು ದಾಟಿದ ಅಜ್ಜಿಗೆ ಇದನ್ನೆಲ್ಲ ಹೇಳಿದೆ, ಉಸಿರು ಕಟ್ಟುವಂತೆ. ಆಕೆ ಕುಣಿಮಗ್ಗದ ಪಕ್ಕ ಕೂತು ಕೇಳಿಸಿಕೊಂಡಳು. ಮಗ್ಗದ ಮೇಲೆ ಸೀರೆ ಕೊಂಡಿಯ ಹಂತದಲ್ಲಿತ್ತು. ಇಳಕಲ್ ಸೀರೆಯ ಮೈಗೆ ಒಂದು ಹಾಸು, ಸೆರಗಿಗೆ ಬೇರೆಯೇ ಹಾಸು. ಎರಡರ ಎಳೆಗಳನ್ನೂ ಒಂದಕ್ಕೊಂದು ಕೊಂಡಿ ಹಾಕಿ ಕೂಡಿಸಿದ ಮೇಲೆಯೇ ಟೋಪ ತೆನಿಯ ಕೆಂಪು ಸೆರಗು ಎದ್ದುಬರುವುದು. “ನಾವು ಅಕ್ಕ ತಂಗಿ ಇಬ್ರು. ಅಕ್ಕ ರಾಟಿ ತಿರುವತಿದ್ಲು, ನಾ ಎಳಿ ಹಿಡದು ಕಂಡಿಕಿ ಸುತ್ತತಿದ್ದೆ. ಸಂಜಿಕ ಅಪ್ಪ ಒಂದ ಪೊಟ್ಟಣ ಚುನಮರಿ ಕೊಡಸತಿದ್ದ. ಒಂದ ಪೊಟ್ಟಣ, ಎರಡಲ್ಲ” ಎಂದಳು ಅಜ್ಜಿ. ಹೇಗೆ ಹಂಚಿಕೊಳ್ಳುತ್ತಿದ್ದಿರಿ ಎಂದೆ. “ಹಂಚ್ಕೊಳ್ಳೂದೇನ್ ಬಂತು? ಇಬ್ರದೂ ಅದು.” ಮಕ್ಕಳನ್ನು ಮಗ್ಗಕ್ಕೆ ಕೂರಿಸಿ ಎಂದು ನಾನು ಖಂಡಿತ ಹೇಳುತ್ತಿಲ್ಲ, ಅವರ ಜಾಗ ಶಾಲೆ. ಆದರೆ ಮನೆಯಲ್ಲಿ ಇಬ್ಬರೂ ಕೂಡಿ ಮಾಡುವ ಏನಾದರೊಂದು ಇರಬೇಕು: ಅವರೆಕಾಯಿ ಸುಲಿಯುವುದು, ಹಾಸಿಗೆ ಮಡಚುವುದು, ಗಿಡಕ್ಕೆ ನೀರು ಹೊರುವುದು. ‘ಇಬ್ರದೂ ಅದು’ ಎಂಬ ಮಾತು ಹುಟ್ಟುವುದು ಅಲ್ಲಿ.

ಇಳಕಲ್ಲಿನಿಂದ ಹುನಗುಂದ ದಾಟಿ ಐಹೊಳೆಗೆ ಹೋದಾಗ ನನ್ನ ಸಂಭ್ರಮಕ್ಕೆ ಒಂದು ಪೆಟ್ಟು ಕಾದಿತ್ತು. ಮೇಗುಟಿ ಗುಡ್ಡದ ಜಿನಾಲಯದ ಗೋಡೆಯಲ್ಲಿ ಕವಿ ರವಿಕೀರ್ತಿ ಬರೆದ ಶಾಸನವಿದೆ, ಶಕ 556, ಅಂದರೆ ಕ್ರಿ.ಶ. 634-35. ಅದು ಇಮ್ಮಡಿ ಪುಲಿಕೇಶಿಯ ಹೊಗಳಿಕೆ. ಅದರೊಳಗೆ ಮಂಗಲೇಶ ಮತ್ತೆ ಬರುತ್ತಾನೆ. ಕೀರ್ತಿವರ್ಮ ತೀರಿದ ಮೇಲೆ ಪಟ್ಟವೇರಿದ ಅದೇ ತಮ್ಮ, ಅಣ್ಣನ ಮಗ ಪುಲಿಕೇಶಿಗೆ ಸಲ್ಲಬೇಕಾದ ರಾಜ್ಯವನ್ನು ತನ್ನ ಮಗನಿಗೆ ಮಾಡಹೊರಟ. ಯುದ್ಧವಾಯಿತು. ಮಗನಿಗೆ ರಾಜ್ಯ ಕೊಡಿಸುವ ಯತ್ನ, ರಾಜ್ಯ, ತನ್ನ ಪ್ರಾಣ, ಮೂರನ್ನೂ ಮಂಗಲೇಶ ಕಳೆದುಕೊಂಡ ಎನ್ನುತ್ತದೆ ಶಾಸನ. ಪುಣ್ಯವನ್ನೆಲ್ಲ ಅಣ್ಣನಿಗೆ ಧಾರೆ ಎರೆದ ಅದೇ ಕೈ! ಗುಡ್ಡದ ಮೇಲೆ ಗಾಳಿ ಬೀಸುತ್ತಿತ್ತು, ನನಗೆ ಕಣ್ಣೀರು ಬಂತು. ಹಂಚಿಕೊಳ್ಳುವುದು ಒಮ್ಮೆ ಕಲಿತು ಮುಗಿಸುವ ಪಾಠವಲ್ಲವೆಂದು ನನಗೆ ಅಲ್ಲಿ ಅರ್ಥವಾಯಿತು. ಮಂಗಲೇಶನೂ ಅದನ್ನು ಇನ್ನೊಮ್ಮೆ ಕಲಿಯಬೇಕಿತ್ತು, ಮಗ ಹುಟ್ಟಿದ ದಿನ.

ಆದರೆ ಕತೆ ಅಲ್ಲಿಗೆ ಮುಗಿಯಲಿಲ್ಲ, ನೋಡಿ! ಚಿಕ್ಕಪ್ಪನಿಂದ ಪಾಲು ತಪ್ಪಿಹೋಗಲಿದ್ದ ಆ ಪುಲಿಕೇಶಿ ಮುಂದೆ ಏನು ಮಾಡಿದ? ಪೂರ್ವದ ವೆಂಗಿಯನ್ನು ಗೆದ್ದು ಅದರ ಆಡಳಿತವನ್ನು ತನ್ನ ತಮ್ಮ ಕುಬ್ಜ ವಿಷ್ಣುವರ್ಧನನಿಗೆ ಒಪ್ಪಿಸಿದ. ತಮ್ಮನ ಆ ಪಾಲಿನಿಂದ ಬೆಳೆದ ಪೂರ್ವ ಚಾಲುಕ್ಯರ ವಂಶ ನಾಲ್ಕು ಶತಮಾನಕ್ಕೂ ಹೆಚ್ಚು ಕಾಲ ಬಾಳಿತು. ಬಾದಾಮಿಯ ಅಣ್ಣನ ವಂಶಕ್ಕಿಂತ ಎಷ್ಟೋ ದೀರ್ಘವಾಗಿ!

ಐಹೊಳೆಯಿಂದ ಕೂಡಲಸಂಗಮ ದೂರವಿಲ್ಲ. ಕೃಷ್ಣೆ, ಮಲಪ್ರಭೆ ಕೂಡುವ ಜಾಗ. ಬಸವಣ್ಣ ಬಾಲ್ಯದಲ್ಲಿ ಬಂದು ಕಲಿತ ಊರು, ಐಕ್ಯನಾದ ಊರು. ಇಲ್ಲಿಯ ಜನ ಮಕ್ಕಳಿಗೆ ಹೇಳುವ ಕತೆ ಹೀಗಿದೆ: ಎಂಟು ವರ್ಷದ ಬಸವಣ್ಣನಿಗೆ ಜನಿವಾರ ಹಾಕಲು ಹೊರಟಾಗ ಅವನು ಕೇಳಿದನಂತೆ, ಅಕ್ಕ ನಾಗಮ್ಮನಿಗೆ ಯಾಕಿಲ್ಲ? ಹೆಣ್ಣಿಗೆ ಇಲ್ಲ ಎಂದರಂತೆ. ಅಕ್ಕನಿಗಿಲ್ಲದ್ದು ನನಗೂ ಬೇಡ ಎಂದು ಮನೆ ಬಿಟ್ಟನಂತೆ. ಸಂಗಮದ ದಂಡೆಯಲ್ಲಿ ಈ ಕತೆಯನ್ನು ಮತ್ತೆ ನೆನೆದಾಗ ನನಗೆ ಕಂಡದ್ದು ಬರೀ ಕ್ರಾಂತಿಯಲ್ಲ. ಅಂಗೈ ಮೇಲೆ ಎರಡು ಚೂರು ಇಟ್ಟುಕೊಂಡು ನೋಡುವ ಒಂದು ಮಗು ಕಂಡಿತು. ಒಂದು ಚೂರು ದೊಡ್ಡದು, ಇನ್ನೊಂದು ಇಲ್ಲವೇ ಇಲ್ಲ. ಎಂಟು ವರ್ಷ! ಸ್ವಿಟ್ಜರ್ಲೆಂಡಿನ ಮಕ್ಕಳು ‘ಸಮ’ದ ಕಡೆ ವಾಲಿದ ವಯಸ್ಸೇ ಅದು. ಆ ಅಕ್ಕ ನಾಗಮ್ಮ ಮುಂದೆ ಕಲ್ಯಾಣದ ಶರಣೆಯಾಗಿ, ಚೆನ್ನಬಸವಣ್ಣನ ತಾಯಿಯಾಗಿ ತಮ್ಮನ ದಾರಿಯನ್ನು ಕಡೆತನಕ ನಡೆದಳು.

ನಿಮ್ಮ ಮನೆಯಲ್ಲಿ ಇಬ್ಬರು ಮಕ್ಕಳಿದ್ದರೆ, ಈಗಷ್ಟೇ ಅವರ ಜಗಳ ಬಿಡಿಸಿ ಸುಸ್ತಾಗಿ ಕೂತಿದ್ದರೆ, ನನ್ನದೊಂದು ಕೋರಿಕೆ. ಮುಂದಿನ ರಜೆಗೆ ಇಬ್ಬರನ್ನೂ ಬಾದಾಮಿಗೆ ಕರೆದುಕೊಂಡು ಹೋಗಿ. ಮೆಟ್ಟಿಲು ಹತ್ತಿ ಮೂರನೇ ಗುಹೆಯ ಪಡಸಾಲೆಯಲ್ಲಿ ನಿಂತು, 578ರ ಆ ಅಕ್ಷರಗಳನ್ನು ತೋರಿಸಿ, ಒಬ್ಬ ತಮ್ಮ ತನ್ನ ಅಣ್ಣನಿಗೆ ಇದನ್ನು ಬರೆಸಿದ್ದು ಎಂದಷ್ಟೇ ಹೇಳಿ. ಆಮೇಲೆ ಕೆಳಗಿಳಿದು ಅಗಸ್ತ್ಯತೀರ್ಥದ ಮೆಟ್ಟಿಲ ಮೇಲೆ ಕೂರಿಸಿ ಒಂದು ಪೆಪ್ಪರಮೆಂಟು ಕೊಡಿ. ಒಂದೇ ಕೊಡಿ, ಮತ್ತೆ ಏನೂ ಹೇಳಬೇಡಿ.